ಅಳತೆ ಸರಿ, ಕಲ್ಲು ಬೇರೆ

ಕಡೂರಿನ ನಮ್ಮ ಮನೆಗೆ ಪ್ರತಿ ಸಂತೆಯ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ತಿಪ್ಪಮ್ಮ ಬರುತ್ತಾರೆ. ಚೌಳಹಿರಿಯೂರು ಕಡೆಯ ಬಸ್ಸಿಳಿದು, ಸಂತೆಗೆ ಹೋಗುವ ಮೊದಲು, ಚೀಲವನ್ನು ಪಕ್ಕಕ್ಕಿಟ್ಟು ಮೆಟ್ಟಿಲ ಮೇಲೆ ಕೂರುತ್ತಾರೆ. ವಯಸ್ಸು ಎಂಬತ್ತು ದಾಟಿದೆ. ನನ್ನ ಮಾವ ಧನಪಾಲ್ ಅವರಿಗೆ ದೂರದ ನಂಟಿನಲ್ಲಿ ಚಿಕ್ಕವ್ವನಾಗಬೇಕು. ನಾನು ಮದುವೆಯಾಗಿ ಬಂದಾಗಿನಿಂದ ಇಬ್ಬರ ನಡುವೆ ನಡೆಯುತ್ತಿದ್ದ ಮಾತು ಒಂದೇ.

"ಲೇ ಧನಪಾಲ, ನನ್ ಕಲ್ಲು ಸಿಕ್ತೇನ್ಲಾ?"

"ಇಲ್ಲ ಚಿಕ್ಕವ್ವ."

"ಸರಿ ಬಿಡು. ಕಾಫಿ ಕೊಡ್ಸು."

ಮೊದಮೊದಲು ನಾನು ಇದನ್ನು ತಮಾಷೆ ಎಂದುಕೊಂಡಿದ್ದೆ. ಆಮೇಲೆ ಅತ್ತೆ ಕೋಮಲಾ ಒಂದು ದಿನ ಅಡುಗೆಮನೆಯಲ್ಲಿ ವಿಷಯ ಹೇಳಿದರು. ತಿಪ್ಪಮ್ಮನ ಗಂಡ ಗಿಡ್ಡಪ್ಪನನ್ನು ಅವರ ಹೊಲದ ಮೂಲೆಯಲ್ಲೇ ಮಣ್ಣು ಮಾಡಿದ್ದರು. ಪಕ್ಕದ ಹೊಲದವರು ಆ ಮೂಲೆ ನಮ್ಮದು ಎಂದು ತಕರಾರು ತೆಗೆದರು. ಹದಿನಾಲ್ಕು ವರ್ಷದ ಹಿಂದೆ ಅಳತೆಗೆ ಹೋದ ಸರ್ಕಾರಿ ಸರ್ವೇರ್ ನಮ್ಮ ಮಾವನೇ. ಟೇಪು ಹಿಡಿದು ಅಳೆದರು, ಟೇಪು ಮುಗಿದ ಜಾಗದಲ್ಲಿ ಅಗೆಸಿ ನೋಡಿದರು, ಗಡಿಯ ಕಲ್ಲಿರಲಿಲ್ಲ. "ಮೂಲೆಯ ಬಾಂದುಕಲ್ಲು ಸ್ಥಳದಲ್ಲಿ ಕಂಡುಬಂದಿರುವುದಿಲ್ಲ" ಎಂದು ವರದಿ ಬರೆದರು. ಅದನ್ನು ಹಿಡಿದು ಪಕ್ಕದವರು ಮುಳ್ಳುತಂತಿಯನ್ನು ಹತ್ತಡಿ ಈಚೆಗೆ ತಂದರು. ಗಿಡ್ಡಪ್ಪ ತಂತಿಯ ಆಚೆಗೆ ಹೋದ.

"ಆ ಅಜ್ಜಿಗೆ ಬೇರೇನೂ ಬೇಡ ಕಣಮ್ಮ, ಗಂಡನ ಪಕ್ಕ ಮಲಗ್ಬೇಕಂತೆ. ಕಲ್ಲು ಸಿಕ್ಕಿದ್ರೆ ಜಾಗ ಸಿಗುತ್ತೆ," ಎಂದಿದ್ದರು ಅತ್ತೆ.

ಮಾವ ಮೂವತ್ತೊಂದು ವರ್ಷ ಭೂಮಾಪಕರಾಗಿದ್ದವರು. ತರೀಕೆರೆ, ಅಜ್ಜಂಪುರ, ಕಡೂರು ಎಂದು ಸುತ್ತಿದವರು. ದನ ಮೇಯುವ ಎಮ್ಮೆದೊಡ್ಡಿ ಕಾವಲಿನ ಅಂಚಿನಲ್ಲಿ ಅಮೃತಮಹಲ್ ಹೋರಿ ಅಟ್ಟಿಸಿಕೊಂಡು ಬಂದಾಗಲೂ ಅಳತೆಯ ಪುಸ್ತಕ ಬಿಡದೆ ಓಡಿದ್ದನ್ನು ಈಗಲೂ ಹೇಳುತ್ತಾರೆ. ಮೂವತ್ತಮೂರು ಅಡಿಯ ಹಳೆಯ ಸರಪಳಿಯೊಂದು ಬೀರುವಿನ ಕೆಳಗಿದೆ. ಆ ಸರಪಳಿಗೆ ಹದಿನಾರು ಆಣೆಯ ಲೆಕ್ಕ, ಒಂದಾಣೆ ಎಂದರೆ ಹೆಚ್ಚುಕಡಿಮೆ ಎರಡಡಿ. ನಮ್ಮ ಪಾಪು ತೆವಳಲು ಶುರುಮಾಡಿದ ದಿನ ನಾನು ಗಾಬರಿಯಲ್ಲಿ ನೆಲ ಒರೆಸುತ್ತಾ, ಮೂಲೆಗಳಿಗೆ ಬಟ್ಟೆ ಕಟ್ಟುತ್ತಾ ಓಡಾಡುತ್ತಿದ್ದರೆ, ಮಾವ ಕುರ್ಚಿಯಲ್ಲಿ ಕೂತೇ, "ಇವತ್ತು ನಾಲ್ಕಾಣೆ ಹೋಗಿದ್ದಾಳೆ," ಎಂದರು. ದನಿಯಲ್ಲಿ ಖುಷಿಯೂ ಇರಲಿಲ್ಲ, ಬೇಸರವೂ ಇರಲಿಲ್ಲ.

ಅತ್ತೆ ತೀರಿಕೊಂಡು ಆಗ ಏಳು ತಿಂಗಳಾಗಿತ್ತು. ಪಾಪು ಹುಟ್ಟುವ ಮೂರು ವಾರ ಮೊದಲು ಹೋದರು. ಮಾವ ಅತ್ತದ್ದನ್ನು ನಾನು ನೋಡಿಲ್ಲ. ಬುದ್ಧವಂದನೆ ಮುಗಿಸಿ, ಬಂದವರಿಗೆಲ್ಲ ಊಟ ಹಾಕಿಸಿ, ಮಾರನೆಯ ದಿನ ಅತ್ತೆ ಕೂರುತ್ತಿದ್ದ ಮಣೆಯನ್ನು ಗೋಡೆಗೆ ಒರಗಿಸಿಟ್ಟರು, ಅಷ್ಟೇ. ನನ್ನ ಗಂಡ ಚಂದ್ರಕುಮಾರ್ ಬೆಳಿಗ್ಗೆ ರೈಲಿಗೆ ತರೀಕೆರೆಯ ಕೆಲಸಕ್ಕೆ ಹೋದರೆ ಬರುವುದು ಸಂಜೆ. ಹಗಲೆಲ್ಲ ಮನೆಯಲ್ಲಿ ಮಾವ, ನಾನು, ಪಾಪು. ನಾನು ಬೆಂಗಳೂರಲ್ಲಿ ಓದಿ ಬೆಳೆದವಳು. ಮಗುವಿನ ಮೈ ಬಿಸಿಯಾಯಿತೆಂದು ದಿನಕ್ಕೆ ಆರು ಸಲ ಥರ್ಮಾಮೀಟರ್ ಇಡುತ್ತಿದ್ದೆ. ಆದರೆ ನನ್ನ ಹೊಟ್ಟೆಯ ಸಿಸೇರಿಯನ್ ಹೊಲಿಗೆಯ ಕೆಳಗೆ ಮುಟ್ಟಿದರೆ ನನಗೇ ಏನೂ ತಿಳಿಯುತ್ತಿರಲಿಲ್ಲ. ಡಾಕ್ಟರು ಮರಗಟ್ಟಿದೆ, ಸರಿಹೋಗುತ್ತದೆ ಎಂದಿದ್ದರು. ಮನೆಯೂ ಹಾಗೇ ಇತ್ತು. ಕುಕ್ಕರ್ ಕೂಗಿದರೆ ಎದ್ದು ಆರಿಸುತ್ತಿದ್ದೆವು.

ಬಸುರಿಯಾಗಿದ್ದಾಗ ನಾನೊಂದು ಕೆಲಸ ಒಪ್ಪಿಕೊಂಡಿದ್ದೆ. ಕಾಲೇಜಿನ ಗೆಳತಿ ಸಂಹಿತಾ ಅಜ್ಜಂಪುರದವಳು, ಈಗ ಬೆಂಗಳೂರಲ್ಲಿ ಖಗೋಳದ ಸಂಶೋಧನೆ ಮಾಡುತ್ತಾಳೆ. ಸುಮಾರು ನೂರನಲವತ್ತು ವರ್ಷದ ಹಿಂದೆ ಯಾವುದೋ ಚಳಿದೇಶದಲ್ಲಿ ಒಬ್ಬ ಮನುಷ್ಯ ದೂರದರ್ಶಕಕ್ಕೆ ಕಣ್ಣಿಟ್ಟು, ಆಕಾಶದಲ್ಲಿ ಕಂಡ ಮಸುಕು ಮಸುಕಾದ ಚುಕ್ಕೆಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ. ಅವುಗಳಲ್ಲಿ ಎಷ್ಟೋ ನಮ್ಮಿಂದ ಊಹೆಗೆ ಸಿಗದಷ್ಟು ದೂರದ ಗೆಲಾಕ್ಸಿಗಳು. ಕೆಲವು ಮಾತ್ರ ಅವನು ಹೇಳಿದ ಜಾಗದಲ್ಲಿ ಇಲ್ಲ. ಅಂಥವನ್ನು ಹೊಸ ಫೋಟೋಗಳ ಜೊತೆ ಹೋಲಿಸಿ ನೋಡಲು ಸಂಹಿತಾಗೆ ಜನ ಬೇಕಿತ್ತು. ಸಂಬಳವಿಲ್ಲದ ಕೆಲಸ. ಫೋಟೋಗಳೆಲ್ಲ ಕಂಪ್ಯೂಟರಿನಲ್ಲೇ ಇರುತ್ತವೆ, ಹಗಲು ಹೊತ್ತಿನಲ್ಲೇ ಮಾಡಬಹುದು. ಒಪ್ಪಿಕೊಂಡೆನೇ ಹೊರತು ಪಾಪು ಹುಟ್ಟಿದ ಮೇಲೆ ಒಂದನ್ನೂ ಮುಟ್ಟಿರಲಿಲ್ಲ.

ಒಂದು ಮಧ್ಯಾಹ್ನ, ಸಂಹಿತಾ ಮೂರನೇ ಸಲ ನೆನಪಿಸಿದ ಮೇಲೆ, ಲ್ಯಾಪ್‌ಟಾಪ್ ತೆರೆದೆ. ಅಷ್ಟರಲ್ಲಿ ಪಾಪು ಎದ್ದಳು. ಹಾಲು ಬಿಸಿಮಾಡಿ, ಮಣಿಕಟ್ಟಿನ ಮೇಲೆ ಬಿಟ್ಟು ನೋಡಿ, ಸುಡುತ್ತದೆಂದು ಆರಿಸಿ, ಆರಿತೆಂದು ಮತ್ತೆ ಬಿಸಿಮಾಡಿ ವಾಪಸು ಬಂದಾಗ ಮಾವ ಪರದೆಯ ಮುಂದೆ ಬಗ್ಗಿ ನಿಂತಿದ್ದರು. ಪರದೆಯ ಮೇಲೆ ಆ ಹಳೆಯ ನೋಟ್‌ಬುಕ್ಕಿನ ಹಾಳೆ. ಒಂದು ದಪ್ಪ ಚುಕ್ಕೆ, ಅಲ್ಲಿಂದ ಹೊರಟ ಗೆರೆ, ಗೆರೆಯ ಮೇಲೆ ಅಂಕಿ, ಅದಕ್ಕೆ ಅಡ್ಡಲಾಗಿ ಇನ್ನೊಂದು ಗೆರೆ, ಅದರ ತುದಿಯಲ್ಲಿ ಪೆನ್ಸಿಲ್ಲಿನಿಂದ ಉಜ್ಜಿದ ಸಣ್ಣ ಕಲೆ.

"ಇದು ಟಿಪ್ಪಣಿ ಕಣಮ್ಮ," ಎಂದರು.

ಸರ್ವೆಯವರು ಹೊಲ ಅಳೆಯುವಾಗ ಸ್ಥಳದಲ್ಲೇ ಬರೆಯುವ ಅಳತೆಯ ಚಿತ್ರಕ್ಕೆ ಟಿಪ್ಪಣಿ ಎನ್ನುತ್ತಾರೆ. ಇದು ಆಕಾಶದ್ದು ಮಾವ, ಎಂದೆ.

"ಎಲ್ಲಿದಾದ್ರೂ ಆಗ್ಲಿ. ಇದು ಹೊರಟ ಕಲ್ಲು. ಇಷ್ಟು ಪೂರ್ವಕ್ಕೆ ಹೋಗಿದ್ದಾನೆ, ಇಲ್ಲಿಂದ ಅಡ್ಡಕ್ಕೆ ಇಷ್ಟು ದಕ್ಷಿಣಕ್ಕೆ. ಸರ್ವೆ ನಂಬರ್ ಎಷ್ಟು?"

ಸಂಹಿತಾ ಕಳಿಸಿದ್ದ ಪಟ್ಟಿಯಲ್ಲಿ ಅದರ ನಂಬರ್ ನೋಡಿ ಹೇಳಿದೆ. ಅದರ ಮುಂದೆ ಷರಾ ಕಾಲಂನಲ್ಲಿ ಒಂದೇ ಪದ ಇತ್ತು: ಇಲ್ಲ. ಮಾವ ಆ ಪದವನ್ನು ಬಹಳ ಹೊತ್ತು ನೋಡಿದರು.

"ಯಾರು ಬರೆದಿದ್ದು, ಇಲ್ಲ ಅಂತ?"

"ಆಮೇಲೆ ಬಂದವ್ರು. ಅವನು ಹೇಳಿದ ಜಾಗದಲ್ಲಿ ಹುಡುಕಿದ್ರು, ಸಿಗಲಿಲ್ಲ."

"ಅಲ್ಲಮ್ಮ, ಅಳತೆ ಮಾಡಿದ್ದಾನೆ. ಇಲ್ಲದ್ದನ್ನ ಯಾರು ಅಳೀತಾರೆ?"

ಅಂದಿನಿಂದ ದಿನಾ ಊಟವಾದ ಮೇಲೆ ಕನ್ನಡಕ ಒರೆಸಿಕೊಂಡು ಕೂರತೊಡಗಿದರು. ಹೊಸ ಫೋಟೋವನ್ನು ಹೇಗೆ ಹಿಗ್ಗಿಸುವುದು, ಹೇಗೆ ಸರಿಸುವುದು ಎಂದು ತೋರಿಸಿಕೊಟ್ಟೆ. ಪಾಪುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದರು. ಪರದೆಯ ಬೆಳಕು ಮಗುವಿನ ಕಣ್ಣಿಗೆ ಕೆಡುಕು ಎಂದು ನಾನು ಅವಳನ್ನು ಎತ್ತಿಕೊಂಡು ಹೋಗುತ್ತಿದ್ದೆ. ಎರಡನೇ ದಿನವೇ ಜಗಳ ತೆಗೆದರು.

"ಪೂರ್ವನ ಎಡಗಡೆ ಇಟ್ಟಿದ್ದಾನಲ್ಲ, ಯಾವನಮ್ಮ ಇವನು? ಇವನಿಗೆ ಕೆಲಸ ಕೊಟ್ಟವನಾದ್ರೂ ಯಾರು?"

"ನೆಲದ ನಕ್ಷೆ ಕೆಳಗೆ ನೋಡೋದು ಮಾವ. ಇದು ಮಲಗಿ ಮೇಲೆ ನೋಡೋದು. ಅದಕ್ಕೇ ತಿರುಗುಮುರುಗು."

ನಂಬಲಿಲ್ಲ. ಚಾಪೆಯ ಮೇಲೆ ಪಾಪುವಿನ ಪಕ್ಕ ಅಂಗಾತ ಮಲಗಿ, ತಲೆಯನ್ನು ಉತ್ತರಕ್ಕೆ ಮಾಡಿ, ಎರಡು ಕೈಯನ್ನೂ ಚಾಚಿ ನೋಡಿದರು. ಎಡಗೈ ಕಿಟಕಿಯ ಕಡೆ, ಬೆಳಿಗ್ಗೆ ಬಿಸಿಲು ಬರುವ ಕಡೆ ಹೋಯಿತು. "ಸರಿ ಐತೆ," ಎಂದು ಎದ್ದು ಕೂತರು. ಪಾಪು ಕೇಕೆ ಹಾಕಿದಳು. ಅತ್ತೆ ಹೋದ ಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ಗಟ್ಟಿ ಸದ್ದು ಅದೇ ಇರಬೇಕು.

ಒಂಬತ್ತನೇ ದಿನ ನನ್ನನ್ನು ಕರೆದರು. ನಾನು ಇಡ್ಲಿಯ ಸಣ್ಣ ತುಣುಕು ಮಗುವಿನ ಗಂಟಲಲ್ಲಿ ಸಿಕ್ಕಿತೇನೋ ಎಂದು ಬಾಯಲ್ಲಿ ಬೆರಳಿಟ್ಟು ನೋಡುತ್ತಿದ್ದೆ.

"ಆಮೇಲೆ ನೋಡುವಂತೆ, ನುಂಗಿದ್ದಾಳೆ. ಇಲ್ಲಿ ಬಾ."

ನೋಟ್‌ಬುಕ್ಕಿನ ಚಿತ್ರದಲ್ಲಿ, ಹೊರಟ ನಕ್ಷತ್ರದ ಉತ್ತರಕ್ಕೆ ಒತ್ತಿಕೊಂಡಂತೆ ಒಂದು ಪುಟ್ಟ ಚುಕ್ಕೆ ಇತ್ತು. ನಾನದನ್ನು ಶಾಯಿಯ ಕಲೆ ಎಂದುಕೊಂಡಿದ್ದೆ. ಅದು ಕಲೆಯಲ್ಲ, ಜೊತೆಯ ನಕ್ಷತ್ರ. ಎಲ್ಲರೂ ಯಾವ ನಕ್ಷತ್ರದಿಂದ ಹೊರಟು ಹುಡುಕಿದ್ದರೋ ಅದರ ಪಕ್ಕದಲ್ಲಿ ಅಂಥದ್ದು ಇರಲಿಲ್ಲ. ಸ್ವಲ್ಪ ಪಶ್ಚಿಮಕ್ಕೆ ಅಷ್ಟೇ ಹೊಳಪಿನ ಇನ್ನೊಂದು ನಕ್ಷತ್ರವಿತ್ತು. ಅದರ ತಲೆಯ ಮೇಲೆ ಆ ಪುಟ್ಟ ಚುಕ್ಕೆ ಇತ್ತು.

"ಅವನು ಈ ಕಲ್ಲಿಂದ ಹೊರಟಿದ್ದಾನೆ. ಬರೆಯುವಾಗ ಆ ಕಲ್ಲಿನ ಹೆಸರು ಬರೆದಿದ್ದಾನೆ. ಅಳತೆ ಸರಿಯಾಗೇ ಐತೆ," ಎಂದು ಮಾವ ಹೊಸ ನಕ್ಷತ್ರದಿಂದ ಅದೇ ಅಂಕಿಗಳನ್ನು ಹಿಡಿದು ಫೋಟೋವನ್ನು ಸರಿಸಿದರು. ಪೂರ್ವಕ್ಕೆ ಇಷ್ಟು. ಅಡ್ಡಕ್ಕೆ ಇಷ್ಟು. ನಿಲ್ಲಿಸಿದರು.

ಅಲ್ಲಿ ಏನೋ ಇತ್ತು. ಗಾಜಿನ ಮೇಲೆ ಉಸಿರು ಬಿಟ್ಟಷ್ಟು ತೆಳುವಾಗಿ, ಚನ್ನಂಗಿ ಬೇಳೆಯನ್ನು ಅಂಚಿನಿಂದ ನೋಡಿದ ಆಕಾರದಲ್ಲಿ. ನಡುವೆ ಸ್ವಲ್ಪ ಉಬ್ಬು, ಎರಡು ಕಡೆಗೂ ಸಣ್ಣಗಾಗಿ ಮುಗಿಯುತ್ತಿತ್ತು.

ಫೋನಿನಲ್ಲಿ ಸಂಹಿತಾ ಸುಮ್ಮನೆ ಕೇಳಿಸಿಕೊಂಡು, "ಒಂದ್ನಿಮಿಷ ಇರೇ," ಎಂದಳು. ನಿಮಿಷವಲ್ಲ, ಅರ್ಧಗಂಟೆಯಾಯಿತು. ಆಮೇಲೆ ಮಾವನಿಗೇ ಕೊಡು ಎಂದಳು. ನಾನು ಸ್ಪೀಕರಿಗೆ ಹಾಕಿದೆ.

"ಅಂಕಲ್, ನೀವು ಹೇಳಿದ್ದು ಸರಿಯಿದೆ. ಅದು ಲೆಂಟಿಕ್ಯುಲರ್ ಗೆಲಾಕ್ಸಿ, ಅಂದ್ರೆ ಬೇಳೆ ಆಕಾರದ್ದು. ತಟ್ಟೆ ಇದೆ, ಸುರುಳಿ ಇಲ್ಲ. ನಲವತ್ತು ಕೋಟಿ ಜ್ಯೋತಿರ್ವರ್ಷ ದೂರ. ಈಗಿನ ಕಾಲದ ಕ್ಯಾಮೆರಾಗಳು ಅದನ್ನ ಮೊದಲೇ ಹಿಡಿದಿವೆ, ಉದ್ದದ ನಂಬರೂ ಕೊಟ್ಟಿದ್ದಾರೆ. ಆದ್ರೆ ಆ ಹಳೇ ಮನುಷ್ಯ ಕಂಡಿದ್ದೂ ಇದೇ ಅಂತ ಯಾರಿಗೂ ಗೊತ್ತಿರ್ಲಿಲ್ಲ."

"ಅಂದ್ರೆ ಎರಡು ಖಾತೆ, ಜಮೀನು ಒಂದೇ."

"ಹ್ಞೂಂ ಅಂಕಲ್, ಹಾಗೇ."

"ಸುರುಳಿ ಯಾಕಿಲ್ಲಮ್ಮ?"

"ಅದ್ರಲ್ಲಿದ್ದ ಅನಿಲ ಎಲ್ಲ ಮುಗಿದುಹೋಗಿದೆ. ಹೊಸ ನಕ್ಷತ್ರ ಹುಟ್ಟೋದು ಹೆಚ್ಚುಕಡಿಮೆ ನಿಂತಿದೆ. ಇರೋವು ನಿಧಾನಕ್ಕೆ ಉರೀತಿವೆ ಅಷ್ಟೇ."

ಮಾವ ಗೋಡೆಗೊರಗಿದ್ದ ಮಣೆಯ ಕಡೆ ನೋಡಿ ಮತ್ತೆ ಪರದೆ ನೋಡಿದರು.

ಹೇಗೆ ಗುರುತಿಸಿದಿರಿ ಎಂದು ಬರೆದು ಕಳಿಸಬೇಕು, ಪಟ್ಟಿ ತಿದ್ದಲು ಅದು ಬೇಕು ಎಂದಳು ಸಂಹಿತಾ. ಮಾವ ಕನ್ನಡದಲ್ಲಿ ಬರೆಯುವುದು, ನಾನು ಇಂಗ್ಲಿಷಿಗೆ ಮಾಡುವುದು ಎಂದಾಯಿತು. ಮಾರನೆಯ ದಿನ ನನ್ನ ಕೈಗೊಂದು ಹಾಳೆ ಕೊಟ್ಟರು. ಕಚೇರಿಯ ಕನ್ನಡ, ದುಂಡು ಅಕ್ಷರ.

"ಸದರಿ ವೀಕ್ಷಕರು ಅಳತೆಯನ್ನು ಸರಿಯಾಗಿ ಮಾಡಿರುತ್ತಾರೆ. ಹೊರಟ ನಕ್ಷತ್ರವನ್ನು ಗುರುತಿಸುವಲ್ಲಿ ಮಾತ್ರ ವ್ಯತ್ಯಾಸವಾಗಿರುತ್ತದೆ. ಇದೇ ರೀತಿಯ ವ್ಯತ್ಯಾಸವನ್ನು ನಾನು ಸೇವೆಯಲ್ಲಿದ್ದಾಗ ಚೌಳಹಿರಿಯೂರು ಹೋಬಳಿಯ ಜಮೀನೊಂದರಲ್ಲಿ ಮಾಡಿದ್ದು, ಆದ್ದರಿಂದ ನನಗೆ ಇದು ತಿಳಿದುಬಂದಿರುತ್ತದೆ."

ಮೂರನೇ ಸಾಲನ್ನು ಎರಡು ಸಲ ಓದಿದೆ. ಪಾಪು ನನ್ನ ಬಳೆ ಎಳೆಯುತ್ತಿದ್ದಳು.

"ಮಾವ, ಇದು ತಿಪ್ಪಮ್ಮಜ್ಜಿ ಹೊಲವಾ?"

"ಹ್ಞೂಂ."

"ಯಾವಾಗ ಗೊತ್ತಾಯ್ತು ನಿಮಗೆ?"

"ಅವತ್ತೇ. ಬಸ್ಸಲ್ಲಿ ವಾಪಸ್ ಬರ್ತಾ. ಹೊರಟ ಜಾಗದಲ್ಲಿ ಐದಾಣೆ ಅಂತರದಲ್ಲಿ ಎರಡು ಕಲ್ಲಿದ್ವು. ಒಂದು ಪಕ್ಕದ ಸರ್ವೆ ನಂಬರಿಂದು. ನಾನು ಅದ್ರಿಂದ ಹೊರಟಿದ್ದೆ."

ಐದಾಣೆ ಎಂದರೆ ಹತ್ತಡಿ. ನಾನು ಲೆಕ್ಕ ಹಾಕಬೇಕಾಗಿಯೇ ಇರಲಿಲ್ಲ.

"ಮತ್ತೆ ಯಾಕೆ ತಿದ್ದಲಿಲ್ಲ?"

"ಹೆಂಗ್ ತಿದ್ದೋದು? ಆಯಮ್ಮ ನಮ್ಮೋಳು. ಅಳತೆ ದಿನ ಎಲ್ಲಾ ಅದನ್ನೇ ಅಂದಿದ್ರು, ನೋಡ್ರಪ್ಪ, ಸರ್ವೇರು ಅವರ ಕುಲಸ್ಥರೇ, ಇನ್ನೇನ್ ಅಳೀತಾನೆ ಅಂತ. ಬೇರೆಯೋರ ಹೊಲ ಆಗಿದ್ರೆ ಎರಡನೇ ಸಲ ಅಳೀತಿದ್ದೆ. ನಮ್ಮೋರಿಗೆ ಅನುಕೂಲ ಮಾಡ್ದ ಅನ್ನಿಸ್ಕೋಬಾರ್ದು ಅಂತ ಒಂದೇ ಸಲಕ್ಕೆ ಟೇಪು ಸುತ್ಬಿಟ್ಟೆ. ವರದಿ ಹೋದ್ಮೇಲೆ ತಿದ್ದಿದ್ರೆ ಇನ್ನೂ ಏನಂತಿದ್ರೋ."

"ಅತ್ತೆಗೆ ಗೊತ್ತಿತ್ತಾ?"

"ಅವಳೊಬ್ಬಳಿಗೆ ಗೊತ್ತಿತ್ತು. ಆಯಮ್ಮ ಬಂದ್ರೆ ಕಾಫಿ ಮಾತ್ರ ತಪ್ಪಿಸ್ಬೇಡಿ ಅಂದಿದ್ಲು."

ಹೇಳುವಾಗ ಅವರ ಮುಖದಲ್ಲಿ ಏನೂ ಕದಲಲಿಲ್ಲ. ನನಗೂ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮೊದಲ ಎರಡು ಸಾಲನ್ನು ಇಂಗ್ಲಿಷಿಗೆ ಮಾಡಿದೆ. ಮೂರನೆಯದರ ಹತ್ತಿರ ನಿಲ್ಲಿಸಿದೆ.

"ಮಾವ, ಈ ಸಾಲು ಬೆಂಗಳೂರಿಗೆ ಯಾಕೆ? ಇದು ಹೋಗಬೇಕಾದ್ದು ಚೌಳಹಿರಿಯೂರಿಗೆ."

ಅವರು ಹಾಳೆಯನ್ನು ವಾಪಸು ತೆಗೆದುಕೊಂಡು, ಮಡಿಸಿ, ಅಂಗಿಯ ಜೇಬಿಗಿಟ್ಟರು. ಆಮೇಲೆ, "ಟೇಪಿನ ಇನ್ನೊಂದು ತುದಿ ಹಿಡಿಯೋಕೆ ಒಬ್ರು ಬೇಕು," ಎಂದರು.

ಶನಿವಾರ ಬೆಳಿಗ್ಗೆ ಹೊರಟೆವು. ಪಾಪುವಿಗೆ ಟೋಪಿ, ಎರಡು ಜೊತೆ ಬಟ್ಟೆ, ಕುದಿಸಿ ಆರಿಸಿದ ನೀರು, ಜ್ವರದ ಔಷಧಿ, ಸೊಳ್ಳೆಯ ಮುಲಾಮು. ಮಾವನ ಕೈಯಲ್ಲಿ ಟೇಪು, ಹಳೆಯ ಟಿಪ್ಪಣಿಯ ನಕಲು, ಅಷ್ಟೇ. ತಿಪ್ಪಮ್ಮ ಹೊಲದ ಬದುವಿನಲ್ಲಿ ಕಾಯುತ್ತಿದ್ದರು. ಯಾಕೆ ಬರುತ್ತಿದ್ದೇವೆಂದು ಫೋನಿನಲ್ಲಿ ಹೇಳಿರಲಿಲ್ಲ. ಪಕ್ಕದ ಹೊಲದ ಓಂಕಾರೇಶ್ ಪಂಪ್‌ಸೆಟ್ಟಿನ ಹತ್ತಿರ ಇದ್ದವನು ನಮ್ಮನ್ನು ನೋಡಿ ಬಂದ. ತಂತಿ ಹಾಕಿಸಿದ್ದು ಅವನ ತಂದೆ. ಅವರೂ ಈಗಿಲ್ಲ.

"ಏನ್ ಸಾರ್, ರಿಟೈರ್ ಆದ್ಮೇಲೂ ಟೇಪು ಬಿಟ್ಟಿಲ್ವಾ?"

"ನಿಮ್ಮ ಹೊಲದೊಳಕ್ಕೆ ಸ್ವಲ್ಪ ಬರ್ಬೇಕಪ್ಪ. ಸರ್ಕಾರಿ ಅಳತೆ ಅಲ್ಲ. ನಂದೇ ಒಂದು ತಪ್ಪಿತ್ತು, ನೋಡ್ಬೇಕು."

ಓಂಕಾರೇಶ್ ತಲೆ ಕೆರೆದುಕೊಂಡ. "ಅಳ್ಕೊಳಿ. ಮಗೂನ ಬಿಸ್ಲಲ್ಲಿ ನಿಲ್ಲಿಸ್ಬೇಡಿ ಅಕ್ಕಾ, ಇಲ್ಲಿ ಹೊಂಗೆ ನೆರಳೈತೆ."

ಎರಡು ಕಲ್ಲೂ ಇದ್ದವು, ಐದಾಣೆ ಅಂತರದಲ್ಲಿ. ಮಾವ ಮೊದಲನೆಯದನ್ನು ದಾಟಿ ಎರಡನೆಯದರ ಮೇಲೆ ಟೇಪಿನ ತುದಿ ಇಟ್ಟರು. ಪಾಪುವನ್ನು ತಿಪ್ಪಮ್ಮನ ಮಡಿಲಿಗೆ ಕೊಟ್ಟು ನಾನು ಇನ್ನೊಂದು ತುದಿ ಹಿಡಿದು ನಡೆದೆ. ಎರಡು ಹೆಜ್ಜೆಗೊಮ್ಮೆ ತಿರುಗಿ ಮಗುವನ್ನು ನೋಡುತ್ತಿದ್ದೆ.

"ಮಗೂನ ನಾನೇನ್ ತಿನ್ನಾಕಿಲ್ಲ, ನೆಟ್ಟಗೆ ನಡಿಯವ್ವ," ಎಂದರು ತಿಪ್ಪಮ್ಮ.

ಟೇಪು ಮುಳ್ಳುತಂತಿಯನ್ನು ದಾಟಿತು, ಗಿಡ್ಡಪ್ಪನ ಮಣ್ಣಿನ ದಿಬ್ಬವನ್ನು ದಾಟಿತು, ಆಚೆಯ ಹಳೆಯ ಕತ್ತಾಳೆ ಬೇಲಿಯ ಒಳಗೆ ಹೋಗಿ ನಿಂತಿತು. ಓಂಕಾರೇಶನೇ ಮಚ್ಚು ತಂದು ಕತ್ತಾಳೆಯ ಬುಡ ಸವರಿದ. ಒಂದು ಮೊಳ ಮಣ್ಣು ತೆಗೆದ ಮೇಲೆ ಗುದ್ದಲಿ ಠಣ್ ಎಂದಿತು. ಮಾವ ಮಂಡಿಯೂರಿ ಕೈಯಿಂದಲೇ ಮಣ್ಣು ಬಳಿದರು. ಕಲ್ಲಿನ ತಲೆಯ ಮೇಲೆ ಸರ್ವೆಯವರು ಉಳಿಯಿಂದ ಹೊಡೆದ ಗೀಟಿತ್ತು.

ಓಂಕಾರೇಶ್ ತಂತಿಯ ಕಡೆಗೊಮ್ಮೆ, ಕಲ್ಲಿನ ಕಡೆಗೊಮ್ಮೆ ನೋಡಿದ. "ಅಪ್ಪಯ್ಯ ಕಾಗದ ನೋಡಿ ಹಾಕಿದ್ದು ಸಾರ್. ಕಾಗದದಲ್ಲಿ ಬಂದ್ರೆ ನಾನೇ ಕೀಳ್ತೀನಿ," ಎಂದ.

ತಿಪ್ಪಮ್ಮ ಪಾಪುವನ್ನು ಸೊಂಟದ ಮೇಲಿಟ್ಟುಕೊಂಡು ನಿಧಾನಕ್ಕೆ ಬಂದರು. ಮಾವ ಎದ್ದು ನಿಂತರು.

"ಚಿಕ್ಕವ್ವ, ಕಲ್ಲು ಅವತ್ತೂ ಇಲ್ಲೇ ಇತ್ತು. ನಾನು ತಪ್ಪು ಕಲ್ಲಿಂದ ಹೊರಟಿದ್ದೆ."

"ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

ಅಜ್ಜಿ ಅವರ ಮುಖವನ್ನೇ ನೋಡಿದರು. ನಾನು ಮಗುವನ್ನು ತೆಗೆದುಕೊಳ್ಳಲು ಕೈ ಚಾಚಿದೆ, ಕೊಡಲಿಲ್ಲ.

"ಅಷ್ಟು ಗಟ್ಟಿ ಕಾಫಿ ಕೊಡ್ತಿದ್ರಲ್ಲ ಗಂಡ ಹೆಂಡ್ತಿ," ಎಂದರು ಕೊನೆಗೆ. "ನಂಗೆ ಅವಾಗ್ಲೇ ಅನುಮಾನ ಬರ್ಬೇಕಿತ್ತು."

ಮಾವ ತಲೆ ತಗ್ಗಿಸಿದರು. ಅಜ್ಜಿ ದಿಬ್ಬದಿಂದ ಕಲ್ಲಿನವರೆಗೆ ಕಾಲಲ್ಲಿ ಅಳೆದುಕೊಂಡು ಹೋದರು.

"ಇಷ್ಟ್ರಲ್ಲಿ ನಂಗೂ ಆಯ್ತದಾ?"

"ಆಯ್ತದೆ ಚಿಕ್ಕವ್ವ."

"ಉತ್ತರಕ್ಕೆ ತಲೆ ಇಡ್ಬೇಡ್ರಿ ಮತ್ತೆ," ಎಂದು ಪಾಪುವನ್ನು ನನಗೆ ಕೊಟ್ಟರು. ಮಗುವಿನ ಟೋಪಿ ಎಲ್ಲೋ ಬಿದ್ದುಹೋಗಿತ್ತು.

ಮಾವ ಸೋಮವಾರವೇ ಜೇಬಿನಲ್ಲಿದ್ದ ಆ ಸಾಲಿಗೆ ಸರ್ವೆ ನಂಬರು ಸೇರಿಸಿ, ಕೆಳಗೆ ಸಹಿ ಹಾಕಿ, ಮರು ಅಳತೆಯ ಅರ್ಜಿಯ ಜೊತೆ ಕಚೇರಿಗೆ ಕೊಟ್ಟು ಬಂದರು. ಬೆಂಗಳೂರಿಗೆ ನಾನು ಎರಡೇ ಸಾಲು ಕಳಿಸಿದೆ. ಆ ಹಳೆಯ ಮನುಷ್ಯ ತಪ್ಪು ಮಾಡಿದ ಎಂದು ಬರೆಯಬೇಡಿ, ಅಳತೆ ಸರಿಯಿತ್ತು, ಹೊರಟದ್ದು ಬೇರೆಯದರಿಂದ ಎಂದು ಬರೆಯಿರಿ ಎಂದು ಮಾವ ಸಂಹಿತಾಗೆ ಎರಡು ಸಲ ಹೇಳಿದರು.

ಆಮೇಲೆ ಎರಡು ಸಂತೆ ತಿಪ್ಪಮ್ಮ ಬರಲಿಲ್ಲ. ಮಾವ ಹತ್ತು ಗಂಟೆಗೆ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದು, ಹನ್ನೊಂದಕ್ಕೆ ಎದ್ದು ಒಳಗೆ ಬರುತ್ತಿದ್ದರು. ಮೂರನೇ ಸಂತೆಯ ದಿನ ಚೀಲ ಇಡುವ ಸದ್ದಾಯಿತು. ಅಜ್ಜಿ ಮೆಟ್ಟಿಲ ಮೇಲೆ ಕೂತು ಬೀದಿ ನೋಡುತ್ತಿದ್ದರು. ಕೇಳುವುದಕ್ಕೆ ಏನೂ ಉಳಿದಿರಲಿಲ್ಲ. ನಾನು ಕಾಫಿ ತಂದಿಟ್ಟೆ.

"ಅದೇನೋ ಆಕಾಶದಲ್ಲಿ ಬೇಳೆ ಹುಡುಕಿದ್ಯಂತಲ್ಲ ಧನಪಾಲ, ಅದೇನಾಯ್ತು?"

"ಇಲ್ಲ ಅಂತ ಬರೆದಿದ್ದನ್ನ ಹೊಡೆದುಹಾಕಿದ್ರು ಚಿಕ್ಕವ್ವ. ಇದೆ ಅಂತ ಬರೆದ್ರು."

"ನಂದು?"

"ಅರ್ಜಿ ಒಳಗೈತೆ. ಸರ್ವೇರು ಬರೋಕೆ ದಿನ ಕೊಟ್ಟಿಲ್ಲ ಇನ್ನೂ."

"ಅಂದ್ರೆ ಆಕಾಶದ್ದೇ ಬೇಗ ಆಯ್ತು ಅನ್ನು," ಎಂದು ತಿಪ್ಪಮ್ಮ ಲೋಟ ಎತ್ತಿಕೊಂಡರು. ಒಂದು ಗುಟುಕು ಕುಡಿದು ನನ್ನ ಕಡೆ ತಿರುಗಿದರು. "ಇವತ್ತು ಕಾಫಿ ತೆಳ್ಳಗಾಗೈತೆ ಕಣವ್ವ. ಈಗ ಸರಿಯಾಗೈತೆ."